ಟ್ಯಾಂಕ್ ತಿರುವು

ಶನಿವಾರ ಬೆಳಿಗ್ಗೆ ಟ್ರೈಲರಿನಿಂದ ಕಾರು ಇಳಿಸುತ್ತಿದ್ದಾಗ ಮಗಳು ಕೇಳಿದಳು: "ಅಪ್ಪಾ, ಟ್ಯಾಂಕ್ ತಿರುವಲ್ಲಿ ನೀವು ನಿಜವಾಗ್ಲೂ ಆಕ್ಸಿಲರೇಟರಿಂದ ಕಾಲು ತೆಗೆಯಲ್ವಾ?"

ಅವನು ಟ್ರೈಲರಿನ ಇಳಿಜಾರು ಹಲಗೆಯ ಮೇಲೆ ಚಕ್ರ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಚಕ್ರ ಸರಿಯಾಗಿಯೇ ಕೂತಿತ್ತು. ಆದರೂ ಇನ್ನಷ್ಟು ಹೊತ್ತು ಬಗ್ಗಿಯೇ ಇದ್ದ.

"ಇಲ್ಲ," ಎಂದ. "ತೆಗೆದ್ರೆ ಕಾರು ಅಲುಗಾಡತ್ತೆ. ನಂಬಿ ಹೋಗ್ಬೇಕು."

"ನಂಬಿ ಅಂದ್ರೆ, ಯಾರನ್ನ?"

"ಕಾರನ್ನ."

ಅವಳು ತಲೆಯಾಡಿಸಿ ಗ್ಯಾರೇಜಿನ ಕಡೆ ಹೋದಳು. ಅಲ್ಲಿ ರೇಸ್ ಕ್ಲಬ್ಬಿನವರು ಬಾಡಿಗೆಗೆ ಕೊಡುವ ಕಾರು ಅವಳಿಗಾಗಿ ಕಾದಿತ್ತು. ಅದು ಅವಳ ಮೊದಲ ಪಂದ್ಯ. ಅವನು ಎದ್ದು ನಿಂತು ಸೊಂಟ ಹಿಡಿದುಕೊಂಡ. ಇನ್ನೂ ಎಂಟು ಗಂಟೆಯಾಗಿರಲಿಲ್ಲ, ಆಗಲೇ ದಿನದ ಮೊದಲ ಸುಳ್ಳು ಮುಗಿದಿತ್ತು. ಹೊಸ ಸುಳ್ಳೇನಲ್ಲ. ಬಳಸಿ ಬಳಸಿ ನುಣುಪಾದದ್ದು, ಬಾಯಿಂದ ಜಾರಿ ಬರುವಾಗ ಎಲ್ಲಿಯೂ ತೊಡರುತ್ತಿರಲಿಲ್ಲ.

ಅವನು ದಂತವೈದ್ಯ. ಬಾಯಿ ತೆರೆದು ಮಲಗಿದವರ ಮುಂದೆ ವರ್ಷಗಟ್ಟಲೆ ಮಾತಾಡಿ ಎದುರುತ್ತರವಿಲ್ಲದ ಮಾತಿನ ಚಟ ಅವನಿಗೆ ಅಂಟಿಕೊಂಡಿತ್ತು. ಕ್ಲಿನಿಕ್ಕಿನ ಗೋಡೆಯ ಮೇಲೆ, ಸೀಳಿ ತೋರಿಸಿದ ದವಡೆ ಹಲ್ಲಿನ ಚಿತ್ರದ ಪಕ್ಕದಲ್ಲಿ, ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಿಂತ ಅವನದೇ ಫೋಟೊ ಇತ್ತು. ಕುರ್ಚಿಯಲ್ಲಿ ಒರಗುವ ಮೊದಲು ಎಲ್ಲರೂ ಅದನ್ನು ನೋಡಿ ಕೇಳುತ್ತಿದ್ದರು, ಇದು ನೀವೇನಾ ಡಾಕ್ಟ್ರೇ ಎಂದು. ಅವರ ದನಿಯಲ್ಲಿದ್ದ ಅನುಮಾನ ಅವನಿಗೆ ಹಿಡಿಸುತ್ತಿರಲಿಲ್ಲ. ಅವರ ಬಾಯಿಗೆ ಹತ್ತಿ ತುರುಕಿದ ಮೇಲೆ ಟ್ಯಾಂಕ್ ತಿರುವಿನ ವಿಷಯ ಎತ್ತುತ್ತಿದ್ದ. ಉದ್ದನೆಯ ನೇರ ರಸ್ತೆ, ಅದರ ಕೊನೆಗೆ ಸಣ್ಣ ದಿಬ್ಬ, ದಿಬ್ಬದ ನೆತ್ತಿಯಲ್ಲೇ ಬಲಕ್ಕೆ ತಿರುವು. ಆಚೆಗೆ ಏನಿದೆಯೆಂದು ಕಾಣುವುದಿಲ್ಲ. ಹೊರಮಗ್ಗುಲಲ್ಲಿ ಹಳೇ ಟೈರುಗಳ ಗೋಡೆ, ಅದರ ಹಿಂದೆ ತುಕ್ಕು ಹಿಡಿದ ನೀರಿನ ಟ್ಯಾಂಕು. ಎಲ್ಲರೂ ಅಲ್ಲಿಗೆ ಬಂದಾಗ ಒಂದು ಕ್ಷಣ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯುತ್ತಾರೆ, ನಾನು ತೆಗೆಯುವುದಿಲ್ಲ ಎನ್ನುತ್ತಿದ್ದ. ರೋಗಿ ಗಂಟಲಿನಿಂದ ಒಂದು ಸದ್ದು ಹೊರಡಿಸುತ್ತಿದ್ದ. ಅದನ್ನು ಮೆಚ್ಚುಗೆ ಎಂದು ತಿಳಿಯಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಆಮೇಲೊಂದು ದಿನ ಅದೇ ಮಾತು ಊಟದ ಮೇಜಿನ ಮೇಲೂ ಬಂತು. ಹೆಂಡತಿ ನೀರು ಬಡಿಸುತ್ತಿದ್ದಳು, ಕೇಳಿಸಿಕೊಳ್ಳಲಿಲ್ಲ. ಮುಂದಿನ ಹಲ್ಲು ಬಿದ್ದು ಹೊಸದು ಇನ್ನೂ ಬಾರದಿದ್ದ ಮಗಳು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿಸಿಕೊಂಡಳು. ಯಾಕೆ ತೆಗೆಯಲ್ಲ ಎಂದಳು. ಅಪ್ಪನಿಗೆ ಹೆದರಿಕೆಯಿಲ್ಲ ಅದಕ್ಕೆ, ಎಂದ. ಬಾಯಲ್ಲಿ ಹತ್ತಿ ಇಲ್ಲದ ಒಬ್ಬರಿಗೆ ಅವನು ಆ ಮಾತು ಹೇಳಿದ್ದು ಅದೇ ಮೊದಲು, ಮತ್ತು ಅವಳು ನಂಬಿದ್ದಳು.

ನಿಜವೇನೆಂದರೆ ಅವನು ಪ್ರತಿ ಸುತ್ತಿನಲ್ಲೂ ಕಾಲು ತೆಗೆಯುತ್ತಿದ್ದ. ತೆಗೆಯಬಾರದೆಂದು ನೇರ ರಸ್ತೆಯುದ್ದಕ್ಕೂ ನಿರ್ಧಾರ ಮಾಡಿಕೊಂಡು ಬರುತ್ತಿದ್ದ. ದಿಬ್ಬಕ್ಕೆ ಮುಂಚೆ ರಸ್ತೆಯಂಚಿಗೆ ನೆಟ್ಟಿದ್ದ ಬಿಳಿ ಹಲಗೆಯ ಹತ್ತಿರ ಬಂದಾಗ ನಿರ್ಧಾರ ತಲೆಯಲ್ಲಿ ಭದ್ರವಾಗಿಯೇ ಇರುತ್ತಿತ್ತು, ಆದರೆ ಅಷ್ಟರಲ್ಲಿ ಬಲಗಾಲು ತನ್ನ ಕೆಲಸ ಮುಗಿಸಿರುತ್ತಿತ್ತು. ಯಾರನ್ನೂ ಕೇಳದೆ ಕುರ್ಚಿಯಿಂದೆದ್ದು ಹೋಗುವ ನೆಂಟನಂತೆ ಆ ಕಾಲು. ಅದನ್ನು ಬೈದೂ ನೋಡಿದ್ದ, ತೆಳು ಅಟ್ಟೆಯ ಹೊಸ ಬೂಟು ಕೊಡಿಸಿಯೂ ನೋಡಿದ್ದ.

ಕ್ಲಬ್ಬಿನ ಸದಸ್ಯರೆಲ್ಲ ವಾರವಿಡೀ ಹಲ್ಲು, ತೆರಿಗೆ, ಪಾಠ, ಪೈಪು ಎಂದು ತಮ್ಮ ತಮ್ಮ ಪಾಡಿನಲ್ಲಿದ್ದು, ವಾರಾಂತ್ಯಕ್ಕೆ ಬೆಂಕಿ ತಗುಲದ ಅಂಗಿ ತೊಟ್ಟು ಒಂಟಿ ಸೀಟಿನ ಪುಟ್ಟ ಫಾರ್ಮುಲಾ ಕಾರುಗಳನ್ನು ಮಲಗಿದಂತೆ ಕೂತು ಓಡಿಸುವವರು. ಕಾರುಗಳೆಲ್ಲ ಒಂದೇ ಅಚ್ಚಿನವು, ಇಂಜಿನ್ನುಗಳಿಗೆ ಕ್ಲಬ್ಬಿನ ಸೀಲು. ಹಾಗಾಗಿ ನಿಧಾನವಾಗಿ ಹೋದವನಿಗೆ ಕಾರಿನ ಮೇಲೆ ತಪ್ಪು ಹೊರಿಸಲು ದಾರಿಯೇ ಇರುತ್ತಿರಲಿಲ್ಲ. ಶನಿವಾರ ಎಲ್ಲರೂ ಒಟ್ಟಿಗೆ ಹೊರಟು ತಮ್ಮ ತಮ್ಮ ಅತಿ ವೇಗದ ಸುತ್ತು ಓಡಬೇಕು. ಭಾನುವಾರದ ಪಂದ್ಯದಲ್ಲಿ ಯಾರು ಯಾರ ಹಿಂದೆ ನಿಲ್ಲಬೇಕೆಂದು ಅದರಿಂದ ತೀರ್ಮಾನ. ಮೊದಲಿಗರ ಹೊತ್ತಿಗಿಂತ ನೂರಕ್ಕೆ ಹತ್ತು ಪಾಲಿಗೂ ಹೆಚ್ಚು ಹಿಂದೆ ಬಿದ್ದವನಿಗೆ ಪಂದ್ಯದಲ್ಲಿ ಜಾಗವೇ ಇಲ್ಲ. ಬಾವುಟ ಹಿಡಿಯುವವರು ಯಾವಾಗಲೂ ಸಾಲದೆ ಬರುತ್ತಿದ್ದುದರಿಂದ, ಅಂಥವನು ಭಾನುವಾರ ಯಾವುದಾದರೂ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲಬೇಕೆಂಬುದು ಕ್ಲಬ್ಬಿನ ಪದ್ಧತಿ. "ಬಾವುಟಕ್ಕೆ ಹೋದ" ಎನ್ನುತ್ತಿದ್ದರು, ಯಾರೋ ತೀರಿಕೊಂಡರು ಎನ್ನುವ ದನಿಯಲ್ಲಿ. ದಂತವೈದ್ಯ ಒಮ್ಮೆಯೂ ಬಾವುಟಕ್ಕೆ ಹೋಗಿರಲಿಲ್ಲ. ಪ್ರತಿ ಸಲವೂ ಕೂದಲೆಳೆಯಲ್ಲಿ ಒಳಗೆ ಬರುತ್ತಿದ್ದ. ಪಂದ್ಯದಲ್ಲಿ ಕೊನೆಯವನಾಗಿ ನಿಂತು ಕೊನೆಯವನಾಗಿ ಮುಗಿಸುತ್ತಿದ್ದ, ಆದರೆ ಪಂದ್ಯದಲ್ಲಿರುತ್ತಿದ್ದ. ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವಾಗ ತಾನು ಬರೀ ಹಲ್ಲು ಕೀಳುವವನಲ್ಲ ಎಂದು ಅನ್ನಿಸಲು ಅವನಿಗೆ ಅಷ್ಟು ಸಾಕಿತ್ತು, ಅಷ್ಟು ಬೇಕೇ ಬೇಕಿತ್ತು.

ಮಧ್ಯಾಹ್ನ ಎಲ್ಲರೂ ಹೊರಟರು. ಅವನ ಮೊದಲ ಸುತ್ತುಗಳು ಎಂದಿನಂತೆಯೇ ಇದ್ದವು, ಅಂದರೆ ಚೆನ್ನಾಗಿರಲಿಲ್ಲ. ಟೈರು ಬಿಸಿಯಾದ ಮೇಲೆ ಒಂದು ಸುತ್ತು ಕೂಡಿಬರುತ್ತಿದೆ ಎನ್ನಿಸಿತು. ನೇರ ರಸ್ತೆಗೆ ಬಂದಾಗ ಕನ್ನಡಿಯಲ್ಲಿ ಹಳದಿ ಮೂತಿಯ ಕಾರು ಕಾಣಿಸಿತು. ಮಗಳು. ಅವಳು ಸೈಕಲ್ಲು ಕಲಿಯುವಾಗ ಅವನು ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿದ್ದ. ಬಿಡಬೇಡಿ ಅಪ್ಪಾ ಎಂದು ಅವಳು ಕೂಗುತ್ತಿದ್ದಳು, ಬಿಟ್ಟಿಲ್ಲ ಬಿಟ್ಟಿಲ್ಲ ಎಂದು ಇವನು ಅಷ್ಟು ದೂರದಲ್ಲಿ ನಿಂತುಕೊಂಡು ಕೂಗುತ್ತಿದ್ದ, ಅವಳು ಹೋಗುತ್ತಲೇ ಇದ್ದಳು. ಇಂದು ತೆಗೆಯುವುದಿಲ್ಲ ಎಂದುಕೊಂಡ. ಅವಳು ನೋಡುತ್ತಿದ್ದಾಳೆ. ಬಿಳಿ ಹಲಗೆ ಬಂತು. ಕಾಲು ಎದ್ದುಹೋಯಿತು. ಅದೇ ಗಳಿಗೆಯಲ್ಲಿ ಹಳದಿ ಕಾರು ಅವನ ಬಲಕ್ಕೆ ನುಗ್ಗಿತು. ಅವಳ ಇಂಜಿನ್ನಿನ ಸದ್ದು ತನ್ನ ಕಿವಿಯ ಪಕ್ಕದಲ್ಲಿ ಸ್ವಲ್ಪವೂ ಇಳಿಯದೆ, ತುಂಡಾಗದೆ, ಒಂದೇ ಎಳೆಯಾಗಿ ದಿಬ್ಬ ಹತ್ತಿದ್ದನ್ನು ಅವನು ಕೇಳಿದ. ಅವಳ ಹಿಂದಿನ ಚಕ್ರಗಳು ಹೊರಮಗ್ಗುಲಿಗೆ, ಟೈರುಗಳ ಗೋಡೆಯ ಕಡೆಗೆ ಸರಿದವು. ಇನ್ನೂ ಸರಿದವು. ಆಮೇಲೆ ದಿಬ್ಬದಾಚೆ ಕಾರು ಕಾಣಲಿಲ್ಲ. ಅವನು ನೆತ್ತಿ ದಾಟಿ ನೋಡಿದರೆ ಅವಳು ಆಗಲೇ ದೂರ, ಮುಂದಿನ ತಿರುವಿನಲ್ಲಿ, ಜೀವಂತ.

ಕಾಲು ತೆಗೆಯದೆಯೂ ಆ ತಿರುವು ದಾಟಬಹುದು ಎಂದು ಅವನಿಗೆ ಅಂದು ಗೊತ್ತಾಯಿತು.

ಗ್ಯಾರೇಜಿಗೆ ಬಂದಾಗ ಅವಳು ಓಡಿ ಬಂದಳು. ಕೂದಲು ಹಣೆಗೆ ಅಂಟಿತ್ತು. "ಅಪ್ಪಾ! ನೀವು ಹೇಳಿದ್ದು ಸರಿ! ತೆಗೀದೆ ಇದ್ರೆ ಅದೇ ಹಿಡ್ಕೊಳ್ಳತ್ತೆ!" ಎಂದಳು. ಆಮೇಲೆ ದನಿ ತಗ್ಗಿಸಿ, "ನನಗೋಸ್ಕರ ದಾರಿ ಬಿಟ್ರಿ ಅಲ್ವಾ. ನಿಮ್ಮ ಸುತ್ತು ಹಾಳಾಯ್ತು. ಯಾಕೆ ಹಾಗೆ ಮಾಡಿದ್ರಿ?"

ಇಲ್ಲ, ನಾನು ದಾರಿ ಬಿಟ್ಟಿದ್ದಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕ್ಲಬ್ಬಿನ ಸೆಕ್ರೆಟರಿ, ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದು ನಿವೃತ್ತನಾದವನು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡೇ ಬಂದು ಅವನ ಬೆನ್ನು ತಟ್ಟಿದ.

"ಡಾಕ್ಟ್ರೇ, ನಿಮ್ಮ ಮಗಳು ಎಲ್ಲರಿಗಿಂತ ಮೊದಲು. ನೀವು ಹೊರಗೆ."

"ಹೊರಗೆ?"

"ಇಷ್ಟೇ ಇಷ್ಟು. ಅವಳು ಅಷ್ಟು ಜೋರಾಗಿ ಹೋಗದಿದ್ರೆ ಆರಾಮಾಗಿ ಒಳಗಿರ್ತಿದ್ರಿ." ಸೆಕ್ರೆಟರಿ ಸುತ್ತ ನಿಂತವರಿಗೂ ಕೇಳಿಸಲೆಂದು ದನಿ ಎತ್ತರಿಸಿದ. "ನಾನು ನೋಡ್ದೆ ಕಣ್ರೀ. ತನ್ನ ಸುತ್ತು ಹಾಳು ಮಾಡ್ಕೊಂಡು ಮಗಳಿಗೆ ದಾರಿ ಬಿಟ್ರು. ಅಪ್ಪ ಅಂದ್ರೆ ಹೀಗಿರ್ಬೇಕು."

ಯಾರೋ ಚಪ್ಪಾಳೆ ತಟ್ಟಿದರು. ಇನ್ನೂ ನಾಲ್ಕು ಜನ ತಟ್ಟಿದರು. ಇಷ್ಟು ವರ್ಷಗಳಲ್ಲಿ ಆ ಗ್ಯಾರೇಜಿನಲ್ಲಿ ಅವನಿಗೆ ಬಿದ್ದ ಮೊದಲ ಚಪ್ಪಾಳೆ. ಏನು ಮಾಡಬೇಕೆಂದು ತಿಳಿಯದೆ ಅವನು ತಲೆ ಬಾಗಿಸಿದ, ಅದು ವಿನಯದಂತೆ ಕಂಡಿತು. ಮಗಳ ಕಣ್ಣು ತುಂಬಿದ್ದನ್ನು ನೋಡಿ ಅವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಆದರೆ ನಾಚಿಕೆಯ ಅಡಿಯಲ್ಲಿ, ಹಲ್ಲಿನ ಬುಡದ ಕೀವಿನ ಹಾಗೆ, ಇನ್ನೊಂದಿತ್ತು. ಇವಳು ನನ್ನನ್ನು ಹೊರಗೆ ಹಾಕಿದಳು ಎಂಬುದು. ಅದನ್ನು ಮುಟ್ಟಿದರೆ ನೋಯುತ್ತಿತ್ತು, ಆದ್ದರಿಂದ ಮುಟ್ಟಲಿಲ್ಲ.

ಸಂಜೆ ವಸತಿಗೃಹದ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನು ಮಾಡಿದ. ಅವಳಿಗೆ ಈ ಕಾರುಗಳ ಸಹವಾಸವೇ ಆಗದು.

"ನಾಳೆ ನಾನು ಓಡ್ಸಲ್ಲ," ಎಂದ. "ಬಾವುಟ ಹಿಡೀತೀನಿ."

"ಸದ್ಯ. ಒಂದು ತಲೆನೋವು ಕಡಿಮೆ ಆಯ್ತು. ಅವಳು?"

"ಅವಳು ಮೊದಲು ನಿಲ್ತಾಳೆ."

"ಮೊದಲು ಅಂದ್ರೆ ಒಳ್ಳೇದಾ, ಅಪಾಯಾನಾ?"

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ನೋಡಿ," ಎಂದಳು ಹೆಂಡತಿ, "ಅವಳು ನನ್ನ ಮಾತು ಯಾವತ್ತು ಕೇಳಿದಾಳೆ? ನಿಮ್ಮ ಮಾತು ಅಂದ್ರೆ ಅವಳಿಗೆ ವೇದವಾಕ್ಯ. ಏನು ಹೇಳ್ಬೇಕೋ ಸರಿಯಾಗಿ ಹೇಳಿ ಕಳ್ಸಿ."

ಒಳಗೆ ಬಂದರೆ ಮಗಳು ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಕೂತು ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತಿದ್ದಳು. ಬಲಗಾಲು ನೆಲಕ್ಕೆ ಒತ್ತಿತ್ತು, ಕಿರುಬೆರಳು ಕೂಡ ಅಲುಗುತ್ತಿರಲಿಲ್ಲ. ವಾರವಿಡೀ ರಸ್ತೆ ಇಲಾಖೆಗಾಗಿ ಬಿಸಿಲಲ್ಲಿ ನಿಂತು ನೆಲ ಅಳೆಯುವ ಹುಡುಗಿ, ಅಳತೆಯಿಲ್ಲದೆ ಏನನ್ನೂ ಒಪ್ಪದವಳು. ಒಂದು ಸಾಲಿನ ಮನೆಗಳು ನಕ್ಷೆಗಿಂತ ಗೇಣು ಮುಂದಿವೆಯೆಂದು ಮೇಲಧಿಕಾರಿಯ ಜೊತೆಯೇ ಜಗಳ ಕಾದವಳು. ಅಪ್ಪನ ಈ ಒಂದು ಮಾತನ್ನು ಮಾತ್ರ ಅಳೆಯದೆ ತೆಗೆದುಕೊಂಡಿದ್ದಳು. ಇವತ್ತು ಅವಳ ಹತ್ತಿರ ತನ್ನ ಕಾರೊಂದೇ ಇತ್ತು, ಟೈರು ಬಿಸಿಯಿತ್ತು. ನಾಳೆ ಹಿಂದೆ ಮುಂದೆ ಕಾರುಗಳಿರುತ್ತವೆ, ಟೈರು ತಣ್ಣಗಿರುತ್ತದೆ. ಈಗಲೇ ಹೇಳಬೇಕು ಎಂದುಕೊಂಡ. ಹೇಳಿದರೆ ಮಧ್ಯಾಹ್ನದ ಚಪ್ಪಾಳೆಯನ್ನೂ ವಾಪಸ್ಸು ಕೊಡಬೇಕಾಗುತ್ತದೆ. ದೀಪ ಆರಿಸಲಾ ಎಂದು ಕೇಳಿದ. ಹೂಂ ಎಂದಳು.

ಭಾನುವಾರ ಕಾರುಗಳು ಸಾಲಾಗಿ ನಿಂತಿದ್ದವು. ಬಾವುಟದವರನ್ನು ತಿರುವುಗಳಿಗೆ ಕರೆದೊಯ್ಯುವ ವ್ಯಾನು ಹಾರನ್ ಹಾಕತೊಡಗಿತ್ತು. ಅವನಿಗೆ ಯಾವ ತಿರುವು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಸೆಕ್ರೆಟರಿ ಅದನ್ನೊಂದು ಗೌರವವೆಂಬಂತೆ ಟ್ಯಾಂಕ್ ತಿರುವನ್ನೇ ಕೊಟ್ಟಿದ್ದ, "ನಿಮ್ಮ ತಿರುವು ತಾನೇ" ಎಂದು ಕಣ್ಣು ಹೊಡೆದಿದ್ದ. ಅವನು ಬಗ್ಗಿ ಮಗಳ ಬೆಲ್ಟು ಬಿಗಿಸಿದ. ಬೇರೆಯವರ ಎದೆಯ ಮೇಲೆ ಬಗ್ಗಿ ಏನಾದರೊಂದು ಬಿಗಿಸುವುದು, ಸಡಿಲಿಸುವುದು ಅವನಿಗೆ ದಿನನಿತ್ಯದ ಕೆಲಸ. ಆದರೂ ಬಿಗಿಯಾದದ್ದನ್ನೇ ಮತ್ತೊಮ್ಮೆ ಎಳೆದು ನೋಡಿದ.

"ಟ್ಯಾಂಕ್ ತಿರುವಲ್ಲಿ ನಾನು ಕಾಲು ತೆಗೀತೀನಿ," ಎಂದ.

ಅವಳು ಹೆಲ್ಮೆಟ್ಟಿನ ಗಾಜು ಎತ್ತಿದಳು. "ಏನು?"

"ತೆಗೀತೀನಿ. ಯಾವಾಗ್ಲೂ. ಒಂದು ಸಲಾನೂ ತೆಗೀದೆ ಹೋಗಿಲ್ಲ."

ಹೆಲ್ಮೆಟ್ಟಿನೊಳಗೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ಬರೀ ಕಣ್ಣುಗಳಿಂದ ಏನೂ ತಿಳಿಯುವುದಿಲ್ಲವೆಂದು ಅವನಿಗೆ ಆಗ ಗೊತ್ತಾಯಿತು. ಬದುಕಿಡೀ ಅವನು ನೋಡಿದ್ದು ಬಾಯಿಗಳನ್ನು.

"ನಿನ್ನೆ?" ಎಂದಳು.

"ನಿನ್ನೇನೂ ಅಷ್ಟೆ. ದಾರಿ ಬಿಟ್ಟಿದ್ದಲ್ಲ. ಹೆದರಿಕೆ."

"ಮತ್ತೆ ತೆಗೀದೆ ಹೋಗೋರು ಯಾರು?"

"ಯಾರೂ ಇಲ್ಲ. ನೀನೊಬ್ಳೇ."

ವ್ಯಾನು ಮತ್ತೆ ಹಾರನ್ ಹಾಕಿತು. ಅವಳು ಗಾಜು ಇಳಿಸಿದಳು. ಗಾಜಿನಲ್ಲಿ ಅವನಿಗೆ ತನ್ನದೇ ಮುಖ ಅಗಲವಾಗಿ, ಮೂಗು ದಪ್ಪವಾಗಿ ಕಂಡಿತು. ವ್ಯಾನಿನಲ್ಲಿ ಕೂತ ಮೇಲೆ ಹೊಳೆಯಿತು, ಜವಾಬ್ದಾರಿಯುಳ್ಳ ಮನುಷ್ಯ ಇದನ್ನು ನಿನ್ನೆ ರಾತ್ರಿ ಹೇಳುತ್ತಿದ್ದ. ಹೇಡಿಯಾದವನು ಹೇಳುತ್ತಲೇ ಇರಲಿಲ್ಲ. ತಾನು ಎರಡೂ ಅಲ್ಲದೆ, ಅವಳು ಬೆಲ್ಟಿನಲ್ಲಿ ಕಟ್ಟಿಹಾಕಿಸಿಕೊಂಡು ಎದುರುತ್ತರ ಕೊಡಲಾಗದೆ ಕೂತಿರುವ ಹೊತ್ತನ್ನು ಆರಿಸಿಕೊಂಡಿದ್ದ. ಹತ್ತಿ ತುರುಕಿದ ಮೇಲೆ ಮಾತು ತೆಗೆಯುವ ಅಭ್ಯಾಸ.

ಟ್ಯಾಂಕ್ ತಿರುವಿನ ಬಾವುಟದ ಕಟ್ಟೆಯ ಹಿರಿಯಳು ನಿವೃತ್ತ ನರ್ಸು. ಮಡಚುವ ಕುರ್ಚಿ, ಛತ್ರಿ, ಫ್ಲಾಸ್ಕು ಎಲ್ಲ ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದಳು. ಹಳದಿ ಬಾವುಟವನ್ನು ಅವನ ಕೈಗೆ ಕೊಟ್ಟು, "ಯಾರಾದ್ರೂ ಗುದ್ದಿದ್ರೆ ಮಾತ್ರ ಬೀಸಿ, ಸುಮ್‌ಸುಮ್ನೆ ಬೀಸ್ಬೇಡಿ," ಎಂದಳು. ಆಮೇಲೆ, "ಅದ್ಯಾರೋ ಹೊಸ ಹುಡುಗಿಯಂತೆ, ಹಳದಿ ಕಾರು. ನಿನ್ನೆ ಇಲ್ಲಿ ಉಸಿರೇ ತಗೊಳ್ದೆ ಹೋದ್ಳು. ನಾನು ಕುರ್ಚಿಯಿಂದ ಎದ್ದು ನಿಂತ್ಬಿಟ್ಟೆ."

"ನನ್ನ ಮಗಳು," ಎಂದ.

"ಹೌದಾ!" ಎಂದು ಅವಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅವನಿಗೆ ಆ ನೋಟ ಹೊಸದಲ್ಲ. ಗೋಡೆಯ ಮೇಲಿನ ಫೋಟೊ ನೋಡಿದವರದೂ ಅದೇ.

ದೂರದಲ್ಲಿ ಕಾರುಗಳೆಲ್ಲ ಒಟ್ಟಿಗೆ ಕೂಗಿದವು. ನರ್ಸು ಎದ್ದು ನಿಂತಳು. ಅವನೂ ಕಟ್ಟೆಯಂಚಿಗೆ ಬಂದ. ನೇರ ರಸ್ತೆಯ ತುದಿಯಲ್ಲಿ ಹಳದಿ ಚುಕ್ಕೆ ಎಲ್ಲಕ್ಕಿಂತ ಮುಂದೆ. ದೇವರೇ, ಕಾಲು ತೆಗೆಯಲಿ ಎಂದುಕೊಂಡ. ಇಷ್ಟು ಮನಸ್ಸಿಟ್ಟು ಅವನು ಏನನ್ನೂ ಬೇಡಿಕೊಂಡಿರಲಿಲ್ಲ. ಬಿಳಿ ಹಲಗೆ. ಅಲ್ಲಿಯೇ, ಅದೇ ಜಾಗದಲ್ಲಿ, ಹಲಗೆಯಿಂದ ಒಂದು ಕಾರಿನುದ್ದ ಮುಂದೆ, ಸದ್ದು ಇಳಿಯಿತು. ಒಂದು ಚೂರು, ಯಾರೋ ಮಾತಿನ ನಡುವೆ ಉಗುಳು ನುಂಗಿದಷ್ಟು. ಮತ್ತೆ ಏರಿತು. ಅವಳು ಟೈರುಗಳ ಗೋಡೆಯಿಂದ ಬಹಳ ದೂರದಲ್ಲಿ, ಭದ್ರವಾಗಿ, ದಿಬ್ಬ ದಾಟಿ ಹೋದಳು.  ಬದುಕಿದೆ ಎಂದುಕೊಂಡ ಅವನು. ಅಷ್ಟು ಸಂತೋಷ ಅವನಿಗೆ ಅವಳು ಹುಟ್ಟಿದ ದಿನವೂ ಆಗಿರಲಿಲ್ಲ.

ಎರಡನೇ ಸುತ್ತಿನಲ್ಲೂ ಸದ್ದು ಅಲ್ಲಿಯೇ ಇಳಿಯಿತು. ಮೂರನೆಯದರಲ್ಲೂ. ನರ್ಸು ಕುರ್ಚಿಯಲ್ಲಿ ಕೂತಳು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. "ಇವತ್ತು ಎಲ್ಲರ ಹಾಗೇ ಹೋಗ್ತಿದಾಳೆ," ಎಂದಳು. ಬೇಜಾರಿನಿಂದಲ್ಲ, ಸುಮ್ಮನೆ. ಒಂದು ಸುತ್ತಿನಲ್ಲಿ ಹಸಿರು ಕಾರು ಅವಳನ್ನು ದಾಟಿತು. ಇನ್ನೊಂದರಲ್ಲಿ ತೆರಿಗೆ ವಕೀಲನ ಕೆಂಪು ಕಾರು, ಅದೂ ಇದೇ ತಿರುವಿನಲ್ಲಿ, ಅವಳು ಕಾಲು ತೆಗೆದ ಗಳಿಗೆಯಲ್ಲಿ. ದಂತವೈದ್ಯ ಬಾವುಟವನ್ನು ತೊಡೆಗೆ ಒತ್ತಿ ಹಿಡಿದು ನಿಂತಿದ್ದ. ಅವನ ಬಲಗಾಲಿನ ಬೆರಳುಗಳು ಬೂಟಿನೊಳಗೆ ನೆಲವನ್ನು ಒತ್ತುತ್ತಿದ್ದವು. ಎಷ್ಟು ಹೊತ್ತಿನಿಂದ ಎಂದು ಅವನಿಗೆ ಗೊತ್ತಿರಲಿಲ್ಲ. ತೆಗೀಬೇಡ, ಎಂದು ತನ್ನ ಬಾಯಿ ಮೆಲ್ಲನೆ ಹೇಳುತ್ತಿರುವುದನ್ನು ಕೇಳಿಸಿಕೊಂಡ. ತೆಗೀಬೇಡ, ಮರಿ. ಬಿಳಿ ಹಲಗೆ ಬಂತು, ಸದ್ದು ಇಳಿಯಿತು. ಅವಳ ಕಾರು ಅಲ್ಲ, ತಾನೇ ಹಳದಿ ಬಣ್ಣ ಬಳಿದುಕೊಂಡು ಸುತ್ತು ಹಾಕುತ್ತಿರುವಂತೆ ಕಂಡಿತು.

ಅವಳು ಐದನೆಯವಳಾಗಿ ಮುಗಿಸಿದಳು. ಯಾರೂ ಗುದ್ದಲಿಲ್ಲ, ಬಾವುಟ ಬಿಚ್ಚಲೇ ಇಲ್ಲ. ವ್ಯಾನಿನಲ್ಲಿ ವಾಪಸ್ಸು ಬರುವಾಗ ಸೆಕ್ರೆಟರಿಯ ಮೈಕು ಗೆದ್ದವನ ಅತಿ ವೇಗದ ಸುತ್ತಿನ ಹೊತ್ತನ್ನು ಹೇಳಿತು. ಅದು ನಿನ್ನೆ ಅವಳು ಓಡಿದ್ದಕ್ಕಿಂತ ನಿಧಾನ. ತಡೆಯುವಷ್ಟರಲ್ಲಿ ಅವನ ತಲೆ ಲೆಕ್ಕ ಹಾಕಿಬಿಟ್ಟಿತ್ತು: ನಿನ್ನೆಯೂ ಅವಳು ಕಾಲು ತೆಗೆದಿದ್ದರೆ ತಾನು ಇವತ್ತು ಪಂದ್ಯದಲ್ಲಿರುತ್ತಿದ್ದ. ಬೆಳಿಗ್ಗೆ ಬೆಲ್ಟು ಬಿಗಿಸುತ್ತ ಹೇಳಿದ್ದು ಅವಳ ಜೀವಕ್ಕಾಗಿಯೋ, ಮುಂದಿನ ತಿಂಗಳ ಶನಿವಾರ ತಾನು ಒಳಗುಳಿಯಲೆಂದೋ? ಜೀವಕ್ಕಾಗಿ, ಎಂದು ಗಟ್ಟಿಯಾಗಿ ಅಂದುಕೊಂಡ. ಕೇಳಿದವರು ಯಾರೂ ಇರಲಿಲ್ಲ.

ಕಾರನ್ನು ಟ್ರೈಲರಿಗೆ ಹತ್ತಿಸಿ ಹಗ್ಗ ಬಿಗಿದು ಹೊರಟಾಗ ಬಿಸಿಲು ಇಳಿದಿತ್ತು. ಮಗಳು ಪಕ್ಕದ ಸೀಟಿನಲ್ಲಿ ಬೂಟು ಬಿಚ್ಚಿ ಕೂತಿದ್ದಳು.  ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು.

"ತೆಗೀಬಾರ್ದು ಅಂತಾನೇ ಇದ್ದೆ ಅಪ್ಪಾ," ಎಂದಳು ಕೊನೆಗೆ. "ಆಗತ್ತೆ ಅಂತ ಗೊತ್ತು. ನಿನ್ನೆ ನಾನೇ ಮಾಡಿದೀನಿ. ಕಾಲು ತಾನಾಗೇ ಬಂದ್ಬಿಡತ್ತೆ."

"ಗೊತ್ತು."

"ನಿಮಗೂ ಹೀಗೇನಾ?"

"ಹೂಂ. ಹೀಗೇ."

ಅವಳು ತನ್ನ ಬಲಗಾಲನ್ನು ನೋಡಿಕೊಂಡಳು, ಯಾರದೋ ಎಂಬಂತೆ. ಆಮೇಲೆ ಸೀಟಿನಲ್ಲಿ ನೆಟ್ಟಗೆ ಕೂತು ಕಣ್ಣು ಮುಚ್ಚಿದಳು.

"ಇನ್ನೊಂದು ಸಲ ಹೇಳಿ."

"ಏನನ್ನ?"

"ತೆಗೆಯಲ್ಲ ಅಂತ. ಮುಂಚೆ ಹೇಳ್ತಿದ್ರಲ್ಲ, ಹಾಗೆ."

ಅವನು ಗಂಟಲು ಸರಿ ಮಾಡಿಕೊಂಡ. ಕ್ಲಿನಿಕ್ಕಿನ ದೀಪ, ಊಟದ ಮೇಜು, ಹಲ್ಲಿಲ್ಲದ ಆ ಪುಟ್ಟ ಬಾಯಿ ಎಲ್ಲವನ್ನೂ ನೆನೆಸಿಕೊಂಡ. ಈ ಮಾತನ್ನು ಅವನು ಇಷ್ಟು ಶ್ರದ್ಧೆಯಿಂದ ಯಾವತ್ತೂ ಹೇಳಿರಲಿಲ್ಲ.

"ಟ್ಯಾಂಕ್ ತಿರುವಲ್ಲಿ ಎಲ್ರೂ ಕಾಲು ತೆಗೀತಾರೆ," ಎಂದ. "ನಾನು ತೆಗೆಯಲ್ಲ."

ಅವಳು ಕಣ್ಣು ಮುಚ್ಚಿಕೊಂಡೇ ಕಾದಳು. ಅವನೂ ಕಾದ.

"ಊಹೂಂ," ಎಂದು ಅವಳು ಕಣ್ಣು ತೆರೆದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

ಮುಂದೆ ರಸ್ತೆ ಎಡಕ್ಕೆ ತಿರುಗುತ್ತಿತ್ತು. ಎಲ್ಲರೂ ಹೋಗುವ ಸಾಧಾರಣ ತಿರುವು. ಅವನ ಕಾಲು ಎದ್ದಿತು, ಇಂಜಿನ್ನಿನ ಸದ್ದು ಇಳಿಯಿತು, ಟ್ರೈಲರು ಹಿಂದಿನಿಂದ ಮೆಲ್ಲಗೆ ನೂಕಿತು. ಸದ್ದು ಇಳಿದದ್ದನ್ನು ಇಬ್ಬರೂ ಕೇಳಿಸಿಕೊಂಡರು.